ಹೈದರಾಬಾದಿನ ಕುಬೇರ ವಿಲಿಯಂ ಪಾಮರ್

ನಮ್ಮ ನಾಚಾರಂನಿಂದ ಹಬ್ಸಿಗುಡ, ತಾರ್ನಾಕಗಳ ಮಾರ್ಗವಾಗಿ ಕೋಠಿಯವರೆಗೆ ಹೋಗುವ ಬಸ್ಸನ್ನು ನೀವೆಲ್ಲರೂ ಏರಿದ್ದೀರಿ. ಹೊಸ ತರಗತಿಗೆ ಬೇಕಾದ ಪುಸ್ತಕಗಳಿಗಾಗಿ ಆ ಕೋಠಿಯ ಅಂಗಡಿಗಳಲ್ಲಿ ನೀವು ಅಲೆದಾಡಿರುವುದೂ ಉಂಟು. ಆದರೆ ಅಲ್ಲಿಯೇ ಎತ್ತರವಾದ ಕಂಬಗಳನ್ನು ಹೊತ್ತು, ಮೆಟ್ಟಿಲುಗಳ ಎರಡು ಪಕ್ಕಗಳಲ್ಲಿ ಕಲ್ಲಿನ ಸಿಂಹಗಳನ್ನಿರಿಸಿಕೊಂಡು ನಿಂತಿರುವ ಭವ್ಯವಾದ ಭವನವನ್ನು ಎಷ್ಟು ಮಂದಿ ನಿಂತು ನೋಡಿದ್ದೀರಿ? ಈಗ ಅದು ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹಿಂದೆ ಅದು ಬ್ರಿಟಿಷ್ ರೆಸಿಡೆಂಟನ ನಿವಾಸವಾಗಿತ್ತು. ಆ ಭಾಗಕ್ಕೆ ಕೋಠಿ ಎಂಬ ಹೆಸರು ಬಂದುದೂ ಆ ನಿವಾಸದಿಂದಲೇ. ಇನ್ನೂರು ವರ್ಷಗಳ ಹಿಂದೆ ಅದರ ಸಮೀಪದಲ್ಲಿ ಮತ್ತೊಂದು ದೊಡ್ಡ ಮನೆಯಿತ್ತು. ಅದು ಪಾಮರನ ಕೋಠಿ. ರೆಸಿಡೆಂಟನ ಬಳಿ ಅಧಿಕಾರವಿತ್ತು. ಪಾಮರನ ಬಳಿ ಹಣವಿತ್ತು. ಈ ಎರಡು ಮನೆಗಳ ನಡುವೆ ಒಂದು ಕಾಲದಲ್ಲಿ ಗಾಢವಾದ ಸ್ನೇಹವೂ, ಅನಂತರ ಘೋರವಾದ ಕಲಹವೂ ನಡೆದುವು. ಆ ಕಥೆಯನ್ನು ಈ ವರ್ಷದ ಸಂಚಿಕೆಯಲ್ಲಿ ನಿಮಗೆ ಹೇಳಬೇಕೆಂದಿದ್ದೇವೆ.

ಪಾಮರ್ ಎಂಬ ಹೆಸರು ಕನ್ನಡದ ಕಿವಿಗೆ ಪಾಮರ, ಎಂದರೆ ತಿಳಿವಿಲ್ಲದವನು, ಎಂಬಂತೆ ಕೇಳಿಸುತ್ತದೆ. ಆದರೆ ವಿಲಿಯಂ ಪಾಮರನು ಪಾಮರನಾಗಿರಲಿಲ್ಲ. ಅವನು ಬಹುಭಾಷಾಜ್ಞ, ಮಾತಿನಲ್ಲಿ ಚತುರ, ಲೆಕ್ಕದಲ್ಲಿ ನಿಪುಣ. ಅಂತಹ ಬುದ್ಧಿವಂತನು ಏರಿದುದು ಹೇಗೆ, ಇಳಿದುದು ಏಕೆ ಎಂಬುದೇ ನಾವು ಯೋಚಿಸಬೇಕಾದ ವಿಷಯ.

ವಿಲಿಯಂ ಪಾಮರನು 1780ರಲ್ಲಿ ಹುಟ್ಟಿದನು. ಅವನ ತಂದೆಯ ಹೆಸರೂ ವಿಲಿಯಂ ಪಾಮರ್ ಎಂದೇ. ಆತನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ವಾರನ್ ಹೇಸ್ಟಿಂಗ್ಸನ ನಂಬಿಕೆಗೆ ಪಾತ್ರನಾಗಿ ಲಖ್ನೋ ಮತ್ತು ಪುಣೆಯ ದರಬಾರುಗಳಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದವನು. ತಾಯಿ ಫೈಜ್ ಬಕ್ಷ್ ಬೇಗಂ, ಉತ್ತರ ಹಿಂದುಸ್ಥಾನದ ಗೌರವಸ್ಥ ಮುಸಲ್ಮಾನ ಮನೆತನದವಳು. ಈ ಸಂಸಾರವು ಕುಳಿತಿರುವ ಒಂದು ವರ್ಣಚಿತ್ರವು ಇಂದಿಗೂ ಲಂಡನಿನಲ್ಲಿ ಉಳಿದಿದೆ. ಮನೆಯಲ್ಲಿ ತಾಯಿಯ ನುಡಿ, ತಂದೆಯ ನುಡಿ ಎರಡೂ ನಡೆಯುತ್ತಿದ್ದುವು. ಹುಡುಗನು ಇಂಗ್ಲೆಂಡಿಗೆ ಹೋಗಿ ಸೈನಿಕ ಶಿಕ್ಷಣವನ್ನು ಪಡೆದನು. ತಂದೆಯಂತೆ ತಾನೂ ಕಂಪನಿಯ ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ಅವನು ಬಯಸಿದ್ದರೆ ಅದು ಸಹಜವೇ ಆಗಿತ್ತು.

ಆದರೆ ಅವನು ಇನ್ನೂ ಹುಡುಗನಾಗಿರುವಾಗಲೇ ಆ ಬಾಗಿಲು ಮುಚ್ಚಿಹೋಗಿತ್ತು. ತಂದೆ ತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೆ ಅಂತಹವರಿಗೆ ಕಂಪನಿಯ ಉನ್ನತ ನೌಕರಿಗಳನ್ನು ಕೊಡಕೂಡದೆಂದು 1791ರಲ್ಲಿ ನಿಯಮವಾಯಿತು. ಅಧಿಕಾರಿಗಳು ಯೋಗ್ಯತೆಯನ್ನು ಕೇಳಲಿಲ್ಲ, ವಿದ್ಯೆಯನ್ನು ನೋಡಲಿಲ್ಲ. ತಾಯಿ ಯಾರೆಂಬುದನ್ನು ಮಾತ್ರ ಕೇಳಿದರು. ಇಂತಹ ತರುಣರು ಆಗ ನೂರಾರು ಮಂದಿ ಇದ್ದರು. ಅವರಿಗೆ ಉಳಿದ ದಾರಿ ಒಂದೇ: ದೇಶೀಯ ಅರಸರ ಬಳಿ ಸಂಬಳಕ್ಕೆ ನಿಂತು ಕಾದುವುದು. ವಿಲಿಯಂ ಪಾಮರನೂ ಆ ದಾರಿಯನ್ನೇ ಹಿಡಿದನು. 1799ರ ಸುಮಾರಿಗೆ ಅವನು ಹೈದರಾಬಾದಿಗೆ ಬಂದು ನಿಜಾಮನ ಸೇನೆಯನ್ನು ಸೇರಿದನು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಮಡಿದುದು ಅದೇ ವರ್ಷವೇ.

ಆ ಕಾಲದ ಹೈದರಾಬಾದು ಸಂಬಳದ ಸೈನಿಕರಿಗೆ ತವರುಮನೆಯಂತಿತ್ತು. ಅರಬರು, ರೋಹಿಲರು, ಪಠಾಣರು, ಸಿಖ್ಖರು, ಫ್ರೆಂಚರು, ಇಂಗ್ಲಿಷರು ಎಲ್ಲರೂ ಅದೃಷ್ಟವನ್ನರಸಿ ಇಲ್ಲಿಗೆ ಬರುತ್ತಿದ್ದರು. ಫ್ರೆಂಚ್ ಸಾಹಸಿಯಾದ ರೇಮಂಡನು ನಿಜಾಮನಿಗಾಗಿ ಒಂದು ದೊಡ್ಡ ಸೇನೆಯನ್ನೇ ಕಟ್ಟಿದ್ದನು. ಜನರು ಅವನನ್ನು ಮೂಸಾ ರಾಮನೆಂದು ಕರೆದರು. ಮೂಸಾರಾಂಬಾಗ್ ಎಂಬ ಬಡಾವಣೆಯ ಹೆಸರಿನಲ್ಲಿ ಅವನ ನೆನಪು ಇಂದಿಗೂ ಉಳಿದಿದೆ. ರೇಮಂಡನು 1798ರ ಮಾರ್ಚಿನಲ್ಲಿ ಸತ್ತನು. ಅದೇ ವರ್ಷದ ಅಕ್ಟೋಬರಿನಲ್ಲಿ ರೆಸಿಡೆಂಟನಾಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕನು ಆ ಫ್ರೆಂಚ್ ಸೇನೆಯನ್ನು ರಕ್ತಪಾತವಿಲ್ಲದೆ ನಿಃಶಸ್ತ್ರಗೊಳಿಸಿದನು. ಅನಂತರ ನಿಜಾಮನ ರಾಜ್ಯದಲ್ಲಿ ಕಂಪನಿಯ ಸಹಾಯಕ ಸೇನೆಯು ಬೇರೂರಿತು.

ವಿದ್ಯಾರ್ಥಿಗಳೆ, ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಿರಿ. ಸೈನಿಕನು ಯಾವ ಜಾತಿಯವನೇ ಆಗಲಿ, ಯಾವ ದೇಶದವನೇ ಆಗಲಿ, ತಿಂಗಳು ತುಂಬಿದೊಡನೆ ಅವನಿಗೆ ಸಂಬಳ ಬೇಕು. ಸಂಬಳ ತಡವಾದರೆ ಅವನ ಕೈಯಲ್ಲಿರುವ ಆಯುಧವು ಒಡೆಯನ ಕಡೆಗೇ ತಿರುಗುತ್ತದೆ. ಆದರೆ ರೈತನ ಬೆಳೆ ತಿಂಗಳಿಗೊಮ್ಮೆ ಕೈಗೆ ಬರುವುದಿಲ್ಲ. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಈ ಎರಡರ ನಡುವಿನ ಅಂತರವನ್ನು ತುಂಬುವವನೇ ಸಾಹುಕಾರ. 1800ರ ಒಪ್ಪಂದದಲ್ಲಿ ನಿಜಾಮನು ಸಹಾಯಕ ಸೇನೆಯ ವೆಚ್ಚಕ್ಕಾಗಿ ಬಳ್ಳಾರಿ, ಕಡಪ ಮೊದಲಾದ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ನಮ್ಮ ಬಳ್ಳಾರಿಯ ನೆಲವು ಸಿಪಾಯಿಗಳ ಸಂಬಳಕ್ಕಾಗಿ ಕೈ ಬದಲಾಯಿಸಿತು. ಇಷ್ಟಕ್ಕೇ ಮುಗಿಯಲಿಲ್ಲ. ನಿಜಾಮನು ತನ್ನ ಹೆಸರಿನಲ್ಲಿಯೇ ಮತ್ತೊಂದು ಸೇನೆಯನ್ನು ಸಾಕಬೇಕಾಯಿತು. ಅದರ ಅಧಿಕಾರಿಗಳು ಇಂಗ್ಲಿಷರು; ಸಂಬಳ ಕೊಡುವವನು ಮಾತ್ರ ನಿಜಾಮನು. 1811ರಲ್ಲಿ ರೆಸಿಡೆಂಟನಾಗಿ ಬಂದ ಹೆನ್ರಿ ರಸೆಲನ ಕಾಲದಲ್ಲಿ ಈ ಸೇನೆಯು ಚೆನ್ನಾಗಿ ಬೆಳೆಯಿತು. ಅದರ ಒಂದು ಭಾಗಕ್ಕೆ ರಸೆಲ್ ಬ್ರಿಗೇಡ್ ಎಂದೇ ಹೆಸರಾಯಿತು.

ಪಾಮರನು ಹತ್ತು ವರ್ಷಗಳಿಗೂ ಮಿಕ್ಕು ನಿಜಾಮನ ಸೇನೆಯಲ್ಲಿ ದುಡಿದನು. ಬೇರಾರಿನ ಕಡೆ ಕುದುರೆಪಡೆಯಲ್ಲಿ ಅಧಿಕಾರಿಯಾಗಿದ್ದನು. ಸಂಬಳವು ತಡವಾದಾಗ ದಂಡಿನಲ್ಲಿ ಏನಾಗುತ್ತದೆ, ಹಣವನ್ನು ಹೊಂದಿಸಿಕೊಡುವ ಸಾಹುಕಾರನಿಗೆ ದರಬಾರಿನಲ್ಲಿ ಎಂತಹ ಮರ್ಯಾದೆ ಸಿಕ್ಕುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡಿರಬೇಕು. ಕಲಕತ್ತೆಯಲ್ಲಿದ್ದ ಅವನ ಮಲ ಅಣ್ಣನಾದ ಜಾನ್ ಪಾಮರನು ಆ ನಗರದ ವರ್ತಕರಲ್ಲಿ ರಾಜಕುಮಾರನೆನಿಸಿಕೊಂಡಿದ್ದನು. ವಿಲಿಯಮನು ಕತ್ತಿಯನ್ನು ಕೆಳಗಿಟ್ಟು ಖಾತೆಯ ಪುಸ್ತಕವನ್ನು ಕೈಗೆತ್ತಿಕೊಂಡನು. ವಿಲಿಯಂ ಪಾಮರ್ ಅಂಡ್ ಕಂಪನಿ ಎಂಬ ವ್ಯಾಪಾರ ಸಂಸ್ಥೆಯು ಹುಟ್ಟಿತು. 1814ರಲ್ಲಿ ಅದಕ್ಕೆ ರೆಸಿಡೆಂಟನ ಮೂಲಕ ಕಂಪನಿ ಸರ್ಕಾರದ ಸಮ್ಮತಿಯೂ ದೊರೆಯಿತು.

ಮೊದಲಿಗೆ ಅವನ ಆಲೋಚನೆಗಳು ಬೇರೆಯಾಗಿದ್ದುವು. ಗೋದಾವರಿಯ ದಡದ ಕಾಡುಗಳಲ್ಲಿ ಒಳ್ಳೆಯ ಮರವಿದೆ. ಅದನ್ನು ಹೊಳೆಯಲ್ಲಿ ತೇಲಿಬಿಟ್ಟರೆ ಸಮುದ್ರತೀರವನ್ನು ಸೇರುತ್ತದೆ. ಅಲ್ಲಿ ಹಡಗುಗಳನ್ನು ಕಟ್ಟಬಹುದು ಎಂದು ಅವನು ಯೋಚಿಸಿದನು. ಇದು ದೇಶಕ್ಕೂ ಹಿತವಾದ ಉದ್ಯೋಗವೇ. ಆದರೆ ಮರವನ್ನು ಕಡಿದು ಸಾಗಿಸಿ ಮಾರುವುದಕ್ಕಿಂತ ಸರ್ಕಾರಕ್ಕೆ ಸಾಲ ಕೊಡುವುದರಲ್ಲಿ ಲಾಭ ಬೇಗನೆ ಬರುತ್ತದೆ. ಪಾಮರನ ಸಂಸ್ಥೆಯು ಕ್ರಮೇಣ ಆ ಕಡೆಗೇ ಹರಿಯಿತು.

ಅದಕ್ಕೆ ಒಂದು ಅಡ್ಡಿಯಿತ್ತು. ಬ್ರಿಟಿಷ್ ಪ್ರಜೆಗಳು ಅನುಮತಿಯಿಲ್ಲದೆ ದೇಶೀಯ ಅರಸರಿಗೆ ಸಾಲ ಕೊಡಕೂಡದೆಂದು ಇಂಗ್ಲೆಂಡಿನ ಪಾರ್ಲಿಮೆಂಟು ಹಿಂದೆಯೇ ಕಾಯಿದೆ ಮಾಡಿತ್ತು. ಅರ್ಕಾಟಿನ ನವಾಬನು ಇಂತಹ ಸಾಲಗಾರರ ಬಲೆಗೆ ಬಿದ್ದು ನಾಶವಾದ ನೆನಪು ಆಗ ಹಸಿಯಾಗಿಯೇ ಇತ್ತು. ಆದರೆ 1816ರಲ್ಲಿ ಗವರ್ನರ್ ಜನರಲ್ ಮಾರ್ಕ್ವಿಸ್ ಹೇಸ್ಟಿಂಗ್ಸನು ಪಾಮರನ ಸಂಸ್ಥೆಗೆ ಮಾತ್ರ ವಿಶೇಷವಾದ ಅನುಮತಿಯನ್ನು ಕೊಟ್ಟನು. ಆ ಸಂಸ್ಥೆಯಲ್ಲಿ ಸರ್ ವಿಲಿಯಂ ರಂಬೋಲ್ಡ್ ಎಂಬ ಇಂಗ್ಲಿಷ್ ಶ್ರೀಮಂತನು ಪಾಲುದಾರನಾಗಿದ್ದನು. ಅವನು ಮದರಾಸಿನ ಹಿಂದಿನ ಗವರ್ನರನೊಬ್ಬನ ಮೊಮ್ಮಗ. ಹಣ ಸಂಪಾದಿಸುವ ಉದ್ದೇಶದಿಂದಲೇ ಹಡಗೇರಿ ಬಂದ ಸಾಹಸಿ. ಅವನ ಹೆಂಡತಿಯನ್ನು ಮಾರ್ಕ್ವಿಸ್ ಹೇಸ್ಟಿಂಗ್ಸನು ಸ್ವಂತ ಮಗಳಂತೆ ಪೋಷಿಸಿ ಬೆಳೆಸಿದ್ದನು. ಬಂಕಟಿದಾಸ ಎಂಬ ಗುಜರಾತಿ ಸಾಹುಕಾರನೂ, ಪಾಮರನ ಸೋದರ ಹೇಸ್ಟಿಂಗ್ಸ್ ಪಾಮರನೂ ಪಾಲುದಾರರೇ. ರೆಸಿಡೆನ್ಸಿಗೆ ಸೇರಿದ ನೌಕರರಲ್ಲಿಯೂ ಕೆಲವರಿಗೆ ಪಾಲಿತ್ತು. ಹೀಗೆ ಅಧಿಕಾರದ ಮನೆ ಯಾವುದು, ಹಣದ ಮನೆ ಯಾವುದು ಎಂದು ಬೇರ್ಪಡಿಸಿ ಹೇಳುವುದೇ ಕಷ್ಟವಾಯಿತು.

ಈ ವ್ಯವಹಾರವು ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ಹೈದರಾಬಾದಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ತಮ್ಮ ಉಳಿತಾಯವನ್ನು ಪಾಮರನಲ್ಲಿ ಇಡುತ್ತಿದ್ದರು. ಅವನು ಅವರಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಕೊಡುತ್ತಿದ್ದನು. ಅದೇ ಹಣವನ್ನು ಅವನು ನಿಜಾಮನ ಸರ್ಕಾರಕ್ಕೆ ನೂರಕ್ಕೆ 24, 25ರಂತೆ ಸಾಲ ಕೊಡುತ್ತಿದ್ದನು. ಔರಂಗಾಬಾದಿನ ಕಡೆಯ ಸೈನಿಕರ ಸಂಬಳಕ್ಕಾಗಿ ಅವನ ಸಂಸ್ಥೆಯು ತಿಂಗಳಿಗೆ ಸುಮಾರು 2 ಲಕ್ಷ ರೂಪಾಯಿಗಳನ್ನು ಒದಗಿಸುತ್ತಿತ್ತು. ಇದಕ್ಕೆ ಆಧಾರವಾಗಿ ಕೆಲವು ಜಿಲ್ಲೆಗಳ ಕಂದಾಯವನ್ನು ಅದಕ್ಕೆ ಬರೆದುಕೊಡಲಾಗಿತ್ತು. ನಿಮ್ಮ ಲೆಕ್ಕದ ಪಾಠವನ್ನು ಇಲ್ಲಿ ನೆನೆಯಿರಿ. ನೂರಕ್ಕೆ 24ರಂತೆ ಸರಳ ಬಡ್ಡಿಯನ್ನು ಹಾಕಿದರೂ ನಾಲ್ಕು ವರ್ಷ ಎರಡು ತಿಂಗಳಿಗೆ ಬಡ್ಡಿಯೇ ಅಸಲಿನಷ್ಟಾಗುತ್ತದೆ. ತೀರದೆ ಉಳಿದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ಅದಕ್ಕಿಂತ ಬೇಗನೆ ಸಾಲವು ಇಮ್ಮಡಿಯಾಗುತ್ತದೆ.

ನಿಜಾಮನಾಗಿದ್ದ ಸಿಕಂದರ್ ಜಾಹನು ರಾಜ್ಯದ ಕೆಲಸದಲ್ಲಿ ಹೆಚ್ಚು ಆಸಕ್ತಿಯನ್ನು ತೋರುತ್ತಿರಲಿಲ್ಲ. ಪೇಷ್ಕಾರನಾದ ರಾಜಾ ಚಂದೂಲಾಲನೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದನು. ಅವನು ಚತುರ, ದಾನಿ, ಉರ್ದು ಕವಿ. ಆದರೆ ಸಾಲಕ್ಕೆ ಹೆದರದವನು. ಹಣ ಬೇಕಾದಾಗಲೆಲ್ಲ ಅವನು ಜಿಲ್ಲೆಗಳ ಕಂದಾಯವನ್ನು ಗುತ್ತಿಗೆಗೆ ಕೊಡುತ್ತಿದ್ದನು. ಗುತ್ತಿಗೆದಾರನು ಮುಂಗಡ ಹಣವನ್ನು ತೆತ್ತು ಹಳ್ಳಿಗಳಿಗೆ ಹೋಗುವನು. ತೆತ್ತುದಕ್ಕಿಂತ ಹೆಚ್ಚನ್ನು ಹಿಂಡಿ ತೆಗೆಯುವನು. ಇನ್ನೊಬ್ಬನು ಹೆಚ್ಚು ಮುಂಗಡ ಕೊಡುವೆನೆಂದರೆ ಹಳೆಯವನನ್ನು ತೆಗೆದು ಹೊಸಬನನ್ನು ಕಳುಹಿಸುವರು. ಅವನೂ ಅದೇ ಹೊಲದಲ್ಲಿ ಮತ್ತೆ ಕೈಯಿಡುವನು. ಒಂದೇ ಬೆಳೆಗೆ ಎರಡು ಬಾರಿ ಕಂದಾಯ ತೆರಬೇಕಾದ ರೈತನು ಏನು ಮಾಡಬೇಕು? ಎತ್ತನ್ನು ಮಾರಿದನು, ಬಿತ್ತನೆಯ ಬೀಜವನ್ನು ಮಾರಿದನು, ಕೊನೆಗೆ ಊರನ್ನೇ ಬಿಟ್ಟನು. ರಾಯಚೂರು, ಕಲಬುರ್ಗಿ, ಬೀದರ ಸೀಮೆಗಳೆಲ್ಲ ಆಗ ನಿಜಾಮನ ರಾಜ್ಯಕ್ಕೇ ಸೇರಿದ್ದುವು. ನಮ್ಮಲ್ಲಿ ಅನೇಕರ ಹಿರಿಯರು ಆ ನೆಲದಲ್ಲಿ ನೇಗಿಲು ಹಿಡಿದವರೇ.

ಪಾಮರನು ಈ ರೈತನನ್ನು ತನ್ನ ಕೈಯಿಂದ ಹೊಡೆಯಲಿಲ್ಲ. ಅವನು ಸಭ್ಯನಾಗಿ ತನ್ನ ಕೋಠಿಯಲ್ಲಿ ಕುಳಿತಿದ್ದನು. ಅತಿಥಿಗಳಿಗೆ ಔತಣ ಕೊಡುತ್ತಿದ್ದನು, ಬಡವರಿಗೆ ನೆರವಾಗುತ್ತಿದ್ದನು. ಲೆಕ್ಕದ ಪುಸ್ತಕದಲ್ಲಿ ಅಂಕಿಗಳು ಮಾತ್ರ ಇರುತ್ತವೆ. ಎತ್ತು ಮಾರಿದವನ ಮುಖವು ಅಲ್ಲಿ ಕಾಣುವುದಿಲ್ಲ. ಇದೇ ಆ ವ್ಯವಹಾರದ ದೊಡ್ಡ ಕೇಡು.

1820ರಲ್ಲಿ ಪಾಮರನ ಭಾಗ್ಯವು ತುತ್ತತುದಿಗೆ ಏರಿತು. ನಿಜಾಮನ ಸರ್ಕಾರಕ್ಕೆ 60 ಲಕ್ಷ ರೂಪಾಯಿಗಳ ಹೊಸ ಸಾಲವನ್ನು ಕೊಡಲು ಅವನ ಸಂಸ್ಥೆಯು ಅನುಮತಿಯನ್ನು ಬೇಡಿತು. ಬಾಕಿಯಾದ ಸಂಬಳಗಳನ್ನು ತೀರಿಸುವುದಕ್ಕೂ, ದೇಶೀಯ ಸಾಹುಕಾರರ ಸಾಲವನ್ನು ಸಲ್ಲಿಸುವುದಕ್ಕೂ, ರೈತರಿಗೆ ಮುಂಗಡ ಕೊಟ್ಟು ಬೇಸಾಯವನ್ನು ಊರ್ಜಿತಗೊಳಿಸುವುದಕ್ಕೂ ಈ ಹಣವೆಂದು ಕಾಗದದಲ್ಲಿ ಬರೆಯಲಾಗಿತ್ತು. ಕಲಕತ್ತೆಯ ಸಭೆಯಲ್ಲಿ ಅಭಿಪ್ರಾಯಭೇದ ಉಂಟಾಗಿ ಎರಡು ಪಕ್ಷಗಳೂ ಸಮವಾದುವು. ಆಗ ಗವರ್ನರ್ ಜನರಲನು ತನ್ನ ನಿರ್ಣಾಯಕ ಮತವನ್ನು ಕೊಟ್ಟು ಸಾಲಕ್ಕೆ ಸಮ್ಮತಿಯನ್ನಿತ್ತನು.

ಆ ವರ್ಷದ ಕೊನೆಯಲ್ಲಿ ಹೊಸ ರೆಸಿಡೆಂಟನು ಹೈದರಾಬಾದಿಗೆ ಬಂದನು. ಅವನೇ ಚಾರ್ಲ್ಸ್ ಮೆಟ್ಕಾಫ್. ಆಗ ಅವನಿಗೆ 35 ವರ್ಷ. ಕಲಕತ್ತೆಯಲ್ಲಿ ಹುಟ್ಟಿದವನು, ಹದಿನಾರು ತುಂಬುವ ವೇಳೆಗೆ ಕಂಪನಿಯ ನೌಕರಿಗೆ ಸೇರಿದವನು, ಮಹಾರಾಜ ರಣಜಿತ್ ಸಿಂಹನೊಡನೆ ಸಂಧಾನ ನಡೆಸಿ 1809ರ ಒಪ್ಪಂದವನ್ನು ಮಾಡಿಕೊಂಡು ಬಂದವನು. ಹೇಸ್ಟಿಂಗ್ಸನಿಗೆ ಅವನ ಮೇಲೆ ತುಂಬ ವಿಶ್ವಾಸವಿತ್ತು. ರಂಬೋಲ್ಡನ ಸಂಸಾರವೂ ಅವನಿಗೆ ಪರಿಚಿತವಾಗಿತ್ತು. ಆದುದರಿಂದ ಪಾಮರನ ಮನೆಯವರು ಹೊಸ ರೆಸಿಡೆಂಟನೂ ತಮ್ಮವನೇ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಮೆಟ್ಕಾಫನು ಕೋಠಿಯಲ್ಲಿ ಕುಳಿತು ಆಳುವವನಾಗಿರಲಿಲ್ಲ. ಅವನು ಜಿಲ್ಲೆಗಳಲ್ಲಿ ಸಂಚರಿಸಿದನು. ಪಾಳುಬಿದ್ದ ಹಳ್ಳಿಗಳನ್ನು ಕಂಡನು. ಕಂದಾಯದ ಲೆಕ್ಕಗಳನ್ನು ತರಿಸಿ ನೋಡಿದನು. ಹಳ್ಳಿಗಳಲ್ಲಿ ಕಂದಾಯವನ್ನು ಕೆಲವು ವರ್ಷಗಳಿಗೆ ಗೊತ್ತುಮಾಡಿ, ಆ ಮಾತಿಗೆ ಯಾರೂ ತಪ್ಪದಂತೆ ನೋಡಿಕೊಳ್ಳಲು ಇಂಗ್ಲಿಷ್ ಅಧಿಕಾರಿಗಳನ್ನು ನೇಮಿಸಿದನು. ಆದರೆ ಎಷ್ಟು ಸುಧಾರಣೆ ಮಾಡಿದರೂ ಬೊಕ್ಕಸವು ತುಂಬುತ್ತಿರಲಿಲ್ಲ. ಏಕೆಂದು ಹುಡುಕುತ್ತ ಹೋದಾಗ ಎಲ್ಲ ದಾರಿಗಳೂ ಪಾಮರನ ಖಾತೆಯ ಪುಸ್ತಕವನ್ನೇ ಸೇರಿದುವು. 60 ಲಕ್ಷದ ಸಾಲದ ನಿಜಸ್ಥಿತಿಯೂ ಆಗ ಹೊರಬಿದ್ದಿತು. ಅಷ್ಟು ಹಣವು ನಿಜವಾಗಿ ಬೊಕ್ಕಸಕ್ಕೆ ಬಂದೇ ಇರಲಿಲ್ಲ. ಅದರಲ್ಲಿ ಬಹುಭಾಗವು ಅದೇ ಸಂಸ್ಥೆಯ ಹಳೆಯ ಸಾಲವನ್ನು ಹೊಸ ಹೆಸರಿಗೆ ಬದಲಾಯಿಸಿದುದು. 8 ಲಕ್ಷವು ಸಂಸ್ಥೆಗೆ ಸಂದ ಉಡುಗೊರೆ. ಬೇಸಾಯದ ಹೆಸರಿನಲ್ಲಿ ಪಡೆದ ಅನುಮತಿಯಿಂದ ಬೇಸಾಯಗಾರನಿಗೆ ಪ್ರಯೋಜನವಾಗಲಿಲ್ಲ.

ಈಗ ಆರಂಭವಾಯಿತು ಕಲಹ. ಕಡಿಮೆ ಬಡ್ಡಿಯಲ್ಲಿ ಬೇರೆ ಸಾಲವನ್ನೆತ್ತಿ ಪಾಮರನ ಸಾಲವನ್ನು ತೀರಿಸಿಬಿಡಬೇಕು, ನಿಜಾಮನ ಸರ್ಕಾರವನ್ನು ಈ ಸಂಸ್ಥೆಯ ಹಿಡಿತದಿಂದ ಬಿಡಿಸಬೇಕು ಎಂದು ಮೆಟ್ಕಾಫನು ಕಲಕತ್ತೆಗೆ ಬರೆದನು. ಪಾಮರನೂ ರಂಬೋಲ್ಡನೂ ಸುಮ್ಮನಿರಲಿಲ್ಲ. ಅವರ ದೂರುಗಳು ನೇರವಾಗಿ ಗವರ್ನರ್ ಜನರಲನಿಗೇ ಮುಟ್ಟಿದುವು. ಹೇಸ್ಟಿಂಗ್ಸನು ಮೆಟ್ಕಾಫನ ಮೇಲೆ ಕೋಪಗೊಂಡು ಅವನನ್ನು ಕಠಿಣವಾಗಿ ಆಕ್ಷೇಪಿಸಿದನು. ತನ್ನನ್ನು ಪ್ರೀತಿಯಿಂದ ಕಂಡಿದ್ದ ಹಿರಿಯನ ಮನಸ್ಸನ್ನು ನೋಯಿಸಬೇಕಾದುದು ಮೆಟ್ಕಾಫನಿಗೂ ದುಃಖದ ಸಂಗತಿಯೇ ಆಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಮೇಲಿನ ಪದವಿಗಳು ತಾವಾಗಿಯೇ ಬರುತ್ತಿದ್ದುವು. ಆದರೂ ಅವನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಗುಣಗಳಲ್ಲಿ ಇದನ್ನು ನಾವು ಮೆಚ್ಚಲೇಬೇಕು.

ಆದರೆ ಮೆಟ್ಕಾಫನು ಪ್ರಜೆಗಳ ಹಿತವೊಂದನ್ನೇ ನೋಡಿದನೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ರಾಜ್ಯದಲ್ಲಿ ಕಂಪನಿಯ ಅಧಿಕಾರಕ್ಕೆ ಸಮನಾಗಿ ಮತ್ತೊಂದು ಶಕ್ತಿ ಬೆಳೆಯುವುದನ್ನು ಅವನು ಸಹಿಸಲಾರನಾಗಿದ್ದನು. ಸಾಲಕ್ಕೆ ಮೂಲವಾದ ಆ ಸೇನೆಯ ವೆಚ್ಚವೋ ಕಂಪನಿಯವರೇ ನಿಜಾಮನ ತಲೆಯ ಮೇಲೆ ಹೊರಿಸಿದುದು. ಸಾಹುಕಾರನ ಬಡ್ಡಿಯನ್ನು ತಪ್ಪೆಂದ ಕಂಪನಿಯು ಆ ಸೇನೆಯ ವೆಚ್ಚವನ್ನು ಮಾತ್ರ ತಪ್ಪೆನ್ನಲಿಲ್ಲ.

1823ರ ಜನವರಿಯಲ್ಲಿ ಹೇಸ್ಟಿಂಗ್ಸನು ಭಾರತವನ್ನು ಬಿಟ್ಟುಹೋದನು. ಪಾಮರನ ಬೆನ್ನಿಗಿದ್ದ ಗೋಡೆಯು ಕುಸಿಯಿತು. ತಾತ್ಕಾಲಿಕವಾಗಿ ಅಧಿಕಾರವನ್ನು ವಹಿಸಿಕೊಂಡ ಜಾನ್ ಆಡಮನು ಮೆಟ್ಕಾಫನ ಪಕ್ಷವನ್ನು ಹಿಡಿದನು. ಲಂಡನಿನ ನಿರ್ದೇಶಕರೂ ಪಾಮರನಿಗೆ ಕೊಟ್ಟಿದ್ದ ಅನುಮತಿಯನ್ನು ಒಪ್ಪಿರಲಿಲ್ಲ. ಸಾಲ ತೀರಿಸಲು ಹಣ ಬಂದ ಬಗೆಯನ್ನು ನೋಡಿರಿ. ಕೃಷ್ಣಾ ಗೋದಾವರಿಗಳ ಕರಾವಳಿಯ ಉತ್ತರ ಸರ್ಕಾರಗಳೆಂಬ ಪ್ರಾಂತಗಳಿಗಾಗಿ ಕಂಪನಿಯು ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿಗಳ ಪೇಷ್ಕಷ್, ಎಂದರೆ ಕಾಣಿಕೆ, ಕೊಡುತ್ತಿತ್ತು. ನಿಜಾಮನು ಆ ಹಕ್ಕನ್ನು ಎಂದೆಂದಿಗೂ ಬಿಟ್ಟುಕೊಟ್ಟನು. ಅದಕ್ಕೆ ಬದಲಾಗಿ ಕಂಪನಿಯು ಒಂದೇ ಬಾರಿಗೆ 1 ಕೋಟಿ 16 ಲಕ್ಷ 66 ಸಾವಿರದ 666 ರೂಪಾಯಿಗಳನ್ನು ಗೊತ್ತುಮಾಡಿತು. ಇದರಿಂದ ಪಾಮರನ ಸಂಸ್ಥೆಗೆ ಸಲ್ಲಬೇಕಾದ ಸಾಲವನ್ನು ತೀರಿಸಲಾಯಿತು. ಪ್ರತಿ ವರ್ಷವೂ ಬರುತ್ತಿದ್ದ ವರಮಾನವು ಹೀಗೆ ಹಳೆಯ ಬಡ್ಡಿಯ ಬಾಯಿಗೆ ಹೋಯಿತು.

ಸಾಲವು ತೀರಿತಲ್ಲ, ಇನ್ನು ಪಾಮರನು ಸುಖವಾಗಿದ್ದಿರಬೇಕೆಂದು ನೀವು ಎಣಿಸಬಹುದು. ಹಾಗಾಗಲಿಲ್ಲ. ಸಾಹುಕಾರನ ನಿಜವಾದ ಬಂಡವಾಳವು ನಂಬಿಕೆಯೇ. ಸರ್ಕಾರವು ಕೈಬಿಟ್ಟಿತೆಂಬ ಸುದ್ದಿ ಹಬ್ಬಿದೊಡನೆ ಹಣವಿಟ್ಟಿದ್ದವರ ನಂಬಿಕೆ ಹೋಯಿತು. ನಿಜಾಮನ ಸರ್ಕಾರದೊಡನೆ ಹೊಸ ವ್ಯವಹಾರ ಮಾಡುವ ದಾರಿಯೂ ಮುಚ್ಚಿತು. ನಿನ್ನೆಯವರೆಗೆ ಬಾಗಿಲಲ್ಲಿ ಕಾಯುತ್ತಿದ್ದವರು ಇಂದು ಬೀದಿಯ ಆಚೆಯ ಬದಿಯಲ್ಲಿ ನಡೆದರು. 1824ರಲ್ಲಿ ವಿಲಿಯಂ ಪಾಮರ್ ಅಂಡ್ ಕಂಪನಿಯು ದಿವಾಳಿಯೆದ್ದಿತು. ಮರುವರ್ಷ ಲಂಡನಿನಲ್ಲಿ ಕಂಪನಿಯ ಷೇರುದಾರರ ಸಭೆಯು ಈ ಸಂಗತಿಯನ್ನು ದಿನಗಟ್ಟಲೆ ಚರ್ಚಿಸಿತು. ಅಲ್ಲಿ ಹೇಸ್ಟಿಂಗ್ಸನ ಮಾನದ ಪ್ರಶ್ನೆ ಬಂದಿತು, ಮೆಟ್ಕಾಫನ ನ್ಯಾಯದ ಪ್ರಶ್ನೆ ಬಂದಿತು. ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡೆಂಬ ಮಾತು ನಮ್ಮಲ್ಲಿದೆ. ಆ ನಡುವಿನ ಗಿಡವಾದ ರೈತನು ಕಳೆದುಕೊಂಡ ಎತ್ತುಗಳನ್ನು ಹಿಂದಕ್ಕೆ ಕೊಡಿಸಬೇಕೆಂದು ಮಾತ್ರ ಯಾರೂ ಹೊರಡಲಿಲ್ಲ.

ಪಾಮರನು ಹೈದರಾಬಾದನ್ನು ಬಿಟ್ಟುಹೋಗಲಿಲ್ಲ. ಅವನಿಗೆ ಬೇರೆ ಊರೇ ಇರಲಿಲ್ಲ. ಇಂಗ್ಲೆಂಡು ಅವನನ್ನು ತನ್ನವನೆನ್ನಲಿಲ್ಲ. ಕಲಕತ್ತೆಯಲ್ಲಿ ಅಣ್ಣನ ದೊಡ್ಡ ವ್ಯಾಪಾರವೂ 1830ರಲ್ಲಿ ಮುಳುಗಿತು. ರಂಬೋಲ್ಡನು 1833ರಲ್ಲಿ ತೀರಿಕೊಂಡನು. ಪಾಮರನು ಮಾತ್ರ ದಿವಾಳಿಯ ಅನಂತರ 43 ವರ್ಷಗಳ ಕಾಲ ಇದೇ ನಗರದಲ್ಲಿ ಬಾಳಿದನು. ಅವನ ಮಾತನ್ನು ಕೇಳುವುದಕ್ಕಾಗಿ ತರುಣರು ಅವನ ಮನೆಗೆ ಬರುತ್ತಿದ್ದರು. ದಖ್ಖಣದ ಸಂಗತಿಗಳನ್ನು ಅವನಂತೆ ಬಲ್ಲವರು ವಿರಳವಾಗಿದ್ದರು. ನಾಲ್ವರು ನಿಜಾಮರ ಆಳ್ವಿಕೆಯನ್ನು ಕಂಡು, 1867ರಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ ಅವನು ಕಣ್ಣುಮುಚ್ಚಿದನು.

ಅವನ ಮನೆಗೆ ಬರುತ್ತಿದ್ದ ತರುಣರಲ್ಲಿ ಒಬ್ಬನ ಹೆಸರನ್ನು ಕನ್ನಡಿಗರಾದ ನಾವು ಮರೆಯಲಾಗದು. ಅವನೇ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿರುವಾಗಲೇ ಹೊಟ್ಟೆಯ ಪಾಡಿಗಾಗಿ ಭಾರತಕ್ಕೆ ಬಂದು, ನಿಜಾಮನ ಸೇನೆಯಲ್ಲಿ ಸಂಬಳಕ್ಕೆ ಸೇರಿದವನು. ಅವನು ಪಾಮರನ ಮಗಳಾದ ಮೇರಿಯನ್ನು ಮದುವೆಯಾದನು. 1841ರ ಅನಂತರ ಅವನನ್ನು ನಮ್ಮ ಸುರಪುರದ ಸಂಸ್ಥಾನಕ್ಕೆ ಕಳುಹಿಸಲಾಯಿತು. ಅಲ್ಲಿಯ ಅರಸನಾದ ವೆಂಕಟಪ್ಪ ನಾಯಕನು ಆಗ ಇನ್ನೂ ಬಾಲಕ. ಸಂಸ್ಥಾನವು ನಿಜಾಮನಿಗೆ ಸಲ್ಲಿಸಬೇಕಾದ ನಜರಾಣೆಯ ಭಾರದಿಂದ ಕುಗ್ಗಿಹೋಗಿತ್ತು. ಟೇಲರನು ಹತ್ತು ವರ್ಷಗಳಿಗೂ ಮಿಕ್ಕು ಅಲ್ಲಿದ್ದು ಕಂದಾಯವನ್ನು ಕ್ರಮಪಡಿಸಿ, ಸಂಸ್ಥಾನದ ಸಾಲದ ಹೊರೆಯನ್ನು ಇಳಿಸಿದನು. ಬಾಲಕನಾದ ಅರಸನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಸಾಲ ಕೊಟ್ಟು ಕುಬೇರನಾದವನ ಅಳಿಯನು ಸಾಲದಲ್ಲಿದ್ದ ಕನ್ನಡ ಸಂಸ್ಥಾನವೊಂದನ್ನು ಋಣಮುಕ್ತಗೊಳಿಸಲು ದುಡಿದನು. ಅವನು ವಾಸಿಸಿದ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದಲ್ಲಿ ಪ್ರಸಿದ್ಧವಾಗಿದೆ. 1858ರಲ್ಲಿ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕಿ, ಚಿಕ್ಕ ವಯಸ್ಸಿನಲ್ಲಿಯೇ ಮಡಿದನು. ಅದು ಪ್ರತ್ಯೇಕವಾಗಿ ಬರೆಯಬೇಕಾದ ಕಥೆ.

ಪಾಮರನ ಸಂಸ್ಥೆಯು ಮುಚ್ಚಿದ ಮೇಲೂ ನಿಜಾಮನ ಸಾಲವು ಬೆಳೆಯುತ್ತಲೇ ಹೋಯಿತು. ಸಾಹುಕಾರರು ಬದಲಾದರು, ಸಂಬಳದ ಸೇನೆ ಬದಲಾಗಲಿಲ್ಲ. ಅದರ ಬಾಕಿಯನ್ನು ಕೊನೆಗೆ ಕಂಪನಿಯೇ ತೆತ್ತು, ತಾನೇ ಸಾಲಿಗನಾಗಿ ನಿಂತಿತು. 1853ರಲ್ಲಿ ಆ ಬಾಕಿಗಾಗಿ ಬೇರಾರ್, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬುಗಳನ್ನು ಕಂಪನಿಯು ತನ್ನ ವಶಕ್ಕೆ ತೆಗೆದುಕೊಂಡಿತು. ಕೃಷ್ಣೆ ತುಂಗಭದ್ರೆಯರ ನಡುವಿನ ಆ ಎರೆಭೂಮಿಯನ್ನು ಉಳುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ. 1860ರಲ್ಲಿ ರಾಯಚೂರೂ ಧಾರಾಶಿವವೂ ನಿಜಾಮನಿಗೆ ಹಿಂದಿರುಗಿದುವು. ಬೇರಾರು ಮಾತ್ರ ಅವನ ಆಡಳಿತಕ್ಕೆ ಮತ್ತೆ ಬರಲಿಲ್ಲ. 1853ರಲ್ಲಿಯೇ ದಿವಾನನಾದ ಸಾಲಾರ್ ಜಂಗನು ಕಂದಾಯದ ಗುತ್ತಿಗೆಯ ಪದ್ಧತಿಯನ್ನು ತೆಗೆದುಹಾಕಿ, 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವ್ಯವಸ್ಥೆಗೊಳಿಸಿದ ಮೇಲೆ ರೈತನು ಸ್ವಲ್ಪ ಉಸಿರಾಡಿದನು. ಪಾಮರನು ಅದನ್ನೂ ಕಣ್ಣಾರೆ ಕಂಡೇ ಸತ್ತನು.

ಪಾಮರನು ಕೆಟ್ಟವನೇ, ಒಳ್ಳೆಯವನೇ ಎಂದು ನೀವು ಕೇಳಬಹುದು. ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ನಾವು ಇಚ್ಛಿಸುವುದಿಲ್ಲ. ತಾಯಿಯ ಕುಲವನ್ನು ನೋಡಿ ಬಾಗಿಲು ಮುಚ್ಚಿದ ಅನ್ಯಾಯವನ್ನು ಅವನು ಅನುಭವಿಸಿದನು. ಆ ಬಾಗಿಲು ತೆರೆದಿದ್ದರೆ ಅವನು ಒಳ್ಳೆಯ ಅಧಿಕಾರಿಯಾಗುತ್ತಿದ್ದನೋ ಏನೋ. ಗೋದಾವರಿಯ ಮರದ ವ್ಯಾಪಾರದಲ್ಲಿಯೇ ನಿಂತಿದ್ದರೆ ಕಾರ್ಖಾನೆಗಳನ್ನು ಕಟ್ಟಿದವನೆಂದು ಅವನನ್ನು ನೆನೆಯುತ್ತಿದ್ದೆವೋ ಏನೋ. ಆದರೆ ತಾನು ಅನ್ಯಾಯವನ್ನು ಉಂಡವನು ಇತರರಿಗೆ ಆಗುತ್ತಿದ್ದ ಅನ್ಯಾಯವನ್ನು ಕಾಣದೆ ಹೋದನು. ಅಧಿಕಾರದಲ್ಲಿದ್ದವರ ಕೃಪೆಯನ್ನು ಅಡಿಪಾಯವಾಗಿಸಿಕೊಂಡು ಮನೆ ಕಟ್ಟಿದನು. ಆ ಕೃಪೆ ಸರಿದೊಡನೆ ಮನೆಯು ಉರುಳಿತು.

ಮುಂದೆ ನೀವು ದೊಡ್ಡವರಾಗಿ ಬ್ಯಾಂಕುಗಳಲ್ಲಿಯೋ, ಕಚೇರಿಗಳಲ್ಲಿಯೋ, ನಮ್ಮ ನಾಚಾರಂನ ಕಾರ್ಖಾನೆಗಳಲ್ಲಿಯೋ ಕುಳಿತು ಲಕ್ಷ ಕೋಟಿಗಳ ಲೆಕ್ಕವನ್ನು ಬರೆಯುವಿರಿ. ಆಗ ಪ್ರತಿಯೊಂದು ಅಂಕಿಯ ಕೆಳಗೂ ಒಬ್ಬ ಮನುಷ್ಯನಿದ್ದಾನೆಂಬುದನ್ನು ಮರೆಯದಿರಿ. ಹಣವು ಎಷ್ಟು ಬಂದಿತೆಂದು ಕೇಳುವುದರ ಜೊತೆಗೆ ಅದನ್ನು ತೆತ್ತವರು ಯಾರೆಂದೂ ಕೇಳಿರಿ. ಇನ್ನೊಮ್ಮೆ ಕೋಠಿಗೆ ಹೋದಾಗ ಆ ಎತ್ತರವಾದ ಕಂಬಗಳ ಎದುರಿನಲ್ಲಿ ಒಂದು ಕ್ಷಣ ನಿಲ್ಲಿರಿ. ರೆಸಿಡೆಂಟನ ಭವನವು ವಿದ್ಯಾರ್ಥಿನಿಯರದಾಯಿತು. ಪಾಮರನ ಸಿರಿಯು ಇದ್ದ ಗುರುತೂ ಇಲ್ಲದಂತೆ ಹೋಯಿತು. ಅಂದು ಅವರಿಬ್ಬರ ಲೆಕ್ಕವನ್ನೂ ತೆತ್ತ ರೈತನ ಮಕ್ಕಳು ಮಾತ್ರ ಇಂದು ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅದೇ ಬೀದಿಯಲ್ಲಿ ನಡೆಯುತ್ತಿದ್ದಾರೆ. ಇದಕ್ಕಿಂತ ಸಂತೋಷದ ಮುಕ್ತಾಯವು ಈ ಕಥೆಗೆ ಬೇರೆ ಬೇಕಿಲ್ಲ.